ನಾಲ್ಕು ಕೊಕ್ಕೆಯ ತೊಟ್ಟಿಲು

ಅಶ್ವತ್ಥನಾರಾಯಣರು ತಮ್ಮ ಜನ್ಮದಲ್ಲಿ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಕ್ಯಾಲೆಂಡರು ತೂಗುಹಾಕಬೇಕಾದರೂ ಹೆಂಡತಿ ಸುಶೀಲಮ್ಮನೇ ಸ್ಟೂಲು ಹತ್ತಬೇಕು. ಇವರು ಕೆಳಗೆ ನಿಂತು "ಸ್ವಲ್ಪ ಎಡಕ್ಕೆ" ಎನ್ನುವರು. ಆದರೆ ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಟ್ಟಡ ಕಾಮಗಾರಿಯ ಟೆಂಡರುಗಳನ್ನು ಟೈಪು ಮಾಡುತ್ತ ಮಾಡುತ್ತಲೇ ಅವರ ತಲೆ ನರೆತಿತ್ತು. ಹೊಳೆಯ ದಡದಲ್ಲಿ ಕೂತವನಿಗೆ ಈಜು ತಾನಾಗಿ ಬರುತ್ತದೆಂಬ ನ್ಯಾಯದಂತೆ, ತಾವು ಅರ್ಧ ಎಂಜಿನಿಯರು ಎಂದು ಅವರು ನಂಬಿದ್ದರು. ನಂಬಿದ್ದು ತಪ್ಪಲ್ಲ. ಬೀಗಿತ್ತಿಯ ಮುಂದೆ ಅದನ್ನು ಹೇಳಿದ್ದು ತಪ್ಪು.

ಒಬ್ಬಳೇ ಮಗಳು ಪದ್ಮಾ ಘಾಜಿಯಾಬಾದಿನ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತು, ತಲೆಗೆ ಬಟ್ಟೆ ಸುತ್ತಿಕೊಂಡು ಟ್ಯಾಕ್ಸಿಯಲ್ಲಿ ಬಾಣಂತನಕ್ಕೆ ಬಂದಿದ್ದಳು. ಸುಶೀಲಮ್ಮನ ತವರಿನಿಂದ ಅವರ ಮನೆತನದ ಕರಿಮರದ ತೊಟ್ಟಿಲು, ನಾಲ್ಕು ಹಿತ್ತಾಳೆ ಸರಪಳಿಗಳ ಸಮೇತ, ರೈಲಿನಲ್ಲಿ ಬಂದಿಳಿದಿತ್ತು. ರೈಲು ಹೊತ್ತಿಗೆ ಸರಿಯಾಗಿ ಬಂದಿತ್ತು. ತುರ್ತುಪರಿಸ್ಥಿತಿಯ ಆ ವರ್ಷ ದೇಶದಲ್ಲಿ ರೈಲುಗಳಿಗೆ ಮಾತ್ರ ಸುಖವಿತ್ತು.

ಬೀಗಿತ್ತಿ ಲೀಲಾವತಿಯವರು ಘಾಜಿಯಾಬಾದಿನಿಂದ ಮೊಮ್ಮಗನನ್ನು ನೋಡಲು ಬಂದವರು ತೊಟ್ಟಿಲನ್ನು ಬೆರಳಿನಿಂದ ತಟ್ಟಿ ನೋಡಿದರು.

"ತೊಟ್ಟಿಲೇನೋ ಚೆನ್ನಾಗಿದೆ. ಕಟ್ಟೋದೆಲ್ಲಿ? ಈ ಸರ್ಕಾರಿ ಮನೇಲಿ ಫ್ಯಾನಿನ ಕೊಕ್ಕೆ ಬಿಟ್ರೆ ಇನ್ನೇನಿದೆ? ಫ್ಯಾನೂ ನಿಮ್ಮದಲ್ಲ, ಸರ್ಕಾರದ್ದು."

"ಆಂಕರ್ ಬೋಲ್ಟು ಹಾಕ್ತೀವಲ್ಲ" ಎಂದರು ಅಶ್ವತ್ಥನಾರಾಯಣರು, ದಿನಾ ಹಾಕುವವರ ಹಾಗೆ. "ಕಾಂಕ್ರೀಟಿಗೆ ತೂತು ಕೊರೆದು ಬೋಲ್ಟು ಇಳಿಸಿ ನಟ್ಟು ತಿರುಗಿಸಿದ್ರೆ ಅದರ ಮೈಮೇಲಿನ ಕೊಳವೆ ಒಳಗೇ ಬಿರಿದುಕೊಳ್ಳುತ್ತೆ. ಆನೆ ತೂಗುಹಾಕಿದ್ರೂ ಅಲ್ಲಾಡಲ್ಲ."

"ಆನೆ ಬೇಡ. ನನ್ನ ಮೊಮ್ಮಗನ್ನ ತೂಗಿದ್ರೆ ಸಾಕು. ಹಾಕೋರು ಯಾರು?"

"ನಾನೇ."

ಸುಶೀಲಮ್ಮ ಅಡುಗೆಮನೆಯಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಆಶ್ಚರ್ಯಪಡುವುದನ್ನು ಬಿಟ್ಟಿರುತ್ತಾಳೆ.

ಚಾವಡಿ ಬಜಾರಿನ ಕಬ್ಬಿಣದಂಗಡಿಯವನು ಬೋಲ್ಟು ಕೊಡುವ ಮುಂಚೆ ಕೇಳಿದ: "ಏನು ತೂಗುಹಾಕ್ತೀರಿ ಬಾಬೂಜಿ?"

"ತೊಟ್ಟಿಲು."

ಅವನು ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಫ್ಯಾನ್ ಅನ್ನಿ ಬಾಬೂಜಿ. ಈ ದಿನಗಳಲ್ಲಿ ಯಾರಾದ್ರೂ ತೊಟ್ಟಿಲು ಅಂತ ಗಟ್ಟಿಯಾಗಿ ಹೇಳ್ತಾರಾ?"

ಹೇಳುತ್ತಿರಲಿಲ್ಲ, ನಿಜ. ಬಡತನವನ್ನು ಕಡಿಮೆ ಮಾಡಲಾಗದ ಸರ್ಕಾರ ಬಡವರನ್ನೇ ಕಡಿಮೆ ಮಾಡುವುದೆಂದು ತೀರ್ಮಾನಿಸಿದ ವರ್ಷ ಅದು. ಗಲ್ಲಿಗಲ್ಲಿಗೂ ನಸ್‌ಬಂದಿಯ, ಅಂದರೆ ಗಂಡಸರ ಸಂತಾನಹರಣ ಆಪರೇಷನ್ನಿನ, ಡೇರೆ. ಮೇಷ್ಟರಾಗಲಿ, ಗುಮಾಸ್ತನಾಗಲಿ, ಪೊಲೀಸನಾಗಲಿ, ಆಪರೇಷನ್ನಿಗೆ 'ಕೇಸು' ಹಿಡಿದು ತರಬೇಕು. ಕೇಸು ತಾರದವನು ತಾನೇ ಕೇಸಾಗಬೇಕು. ರಿಕ್ಷಾದವರು, ಗಾರೆಯವರು, ಫುಟ್‌ಪಾತಿನಲ್ಲಿ ಮಲಗಿದವರು ಹೋದದ್ದಾಯಿತು. ಈಗ ಬಾಬುಗಳ ಸರದಿ. ಆದರೆ ಒಬ್ಬಳೇ ಮಗಳ ತಂದೆಯಾದ, ಐವತ್ತಮೂರರ ಅಶ್ವತ್ಥನಾರಾಯಣರಿಗೆ ಅದು ಪೇಪರಿನಲ್ಲೂ ಬಾರದ, ಪಕ್ಕದ ಬೀದಿಯ ಸುದ್ದಿಯಾಗಿತ್ತು.

ಭಾನುವಾರ ಬೆಳಿಗ್ಗೆ ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅಶ್ವತ್ಥನಾರಾಯಣರು. ತಲೆ ತಗಲುತ್ತದೆಂದು ಫ್ಯಾನು ಆರಿಸಿತ್ತು. ಮೇ ತಿಂಗಳ ದಿಲ್ಲಿ. ಚಾವಣಿಯ ಕೆಲಸದ ವಿಶೇಷವೇನೆಂದರೆ, ಹೊಡೆದದ್ದೆಲ್ಲ ಹೊಡೆದವನ ಮುಖಕ್ಕೇ ಬೀಳುತ್ತದೆ. ಬಹುಕಾಲ ಸರ್ಕಾರಿ ನೌಕರಿ ಮಾಡಿದವರಿಗೆ ಇದೇನೂ ಹೊಸ ಅನುಭವವಲ್ಲ. ಉಳಿ ಇಟ್ಟು ಸುತ್ತಿಗೆ ಬೀಸಿದಾಗಲೆಲ್ಲ ಸುಣ್ಣ ಕಣ್ಣಿಗೆ, ಗಾರೆ ಬಾಯಿಗೆ, ಸುತ್ತಿಗೆ ಹೆಬ್ಬೆರಳಿಗೆ.

ಮೊದಲ ತೂತು ಅಗಲವಾಯಿತು. ಬೋಲ್ಟು ಅದರೊಳಗೆ ಬೊಚ್ಚುಬಾಯಿಯೊಳಗಿನ ಅಡಕೆಯ ಹಾಗೆ ಸುಮ್ಮನೆ ತಿರುಗಿತು. ಪಕ್ಕದಲ್ಲಿ ಇನ್ನೊಂದು ತೂತು.

"ರೀ, ನಾಲ್ಕೂ ಸರಪಳೀನ ಒಂದೇ ಕೊಕ್ಕೆಗೆ ಸಿಕ್ಕಿಸಬಾರದೇ? ನಮ್ಮನೇಲಿ ತೊಲೆಗೆ ಒಂದೇ ಬಳೆ ಇತ್ತು."

"ಅದು ತೊಲೆ ಕಣೇ, ಇದು ಕಾಂಕ್ರೀಟು. ಭಾರ ಸಮನಾಗಿ ಹಂಚಬೇಕು. ನಾಲ್ಕು ಸರಪಳಿಗೆ ನಾಲ್ಕು ಬೋಲ್ಟು."

ಈ ವಾಕ್ಯವನ್ನು ಅವರು ಸಾವಿರ ಸಲ ಟೈಪು ಮಾಡಿದ್ದರು. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ರುಚಿಯಾಗಿತ್ತು.

ಒಳಕೋಣೆಯಿಂದ ಪದ್ಮಾ ನರಳಿದಳು: "ಅಪ್ಪಾ, ಪ್ಲೀಸ್, ಬಸ್, ಸಾಕು ಮಾಡಿ. ಮುನ್ನಾ ಅಭೀ ಅಭೀ ಸೋಯಾ ಹೈ, ಎಬ್ಬಿಸಬೇಡಿ."

ಅಷ್ಟರಲ್ಲಿ ಬಾಗಿಲು ದಬದಬನೆ ಬಡಿದ ಸದ್ದಾಯಿತು. ಮೇಲಿನ ಮನೆಯ ಖುರಾನಾ ಬಾಯಿ. ಅವರಲ್ಲಿ ಬಾಗಿಲ ಹೊರಗೆ ಕಾಯುವ ಪದ್ಧತಿಯಿಲ್ಲ. ಸುಶೀಲಮ್ಮ ಚಿಲಕ ತೆಗೆಯುವಷ್ಟರಲ್ಲಿ ಅವರು ನಡುಮನೆಯಲ್ಲಿದ್ದರು.

"ಅರೇ ಭಾಯಿಸಾಬ್! ನನ್ನ ನೆಲ ಕುಣೀತಿದೆ! ಸ್ಟೀಲಿನ ಲೋಟ ಎಲ್ಲಾ ಗೂಡಿನಿಂದ ಹಾರಿಬಿತ್ತು. ಖುರಾನಾ ಸಾಬ್ ಭೂಕಂಪ ಅಂತ ಲುಂಗೀಲೇ ಬೀದಿಗೆ ಓಡಿದ್ರು!" ಎಂದವರು ತೊಟ್ಟಿಲು ನೋಡಿ ನಿಂತರು. ಅದೇ ಸಮಯಕ್ಕೆ ಒಳಗೆ ಮಗು ಅತ್ತಿತು.

ಇಲ್ಲಿ ಒಂದು ವಿಷಯ. ಹೆಸರಿಡುವ ದಿನದವರೆಗೆ ಬಾಣಂತಿಯೂ ಕೂಸೂ ಹೊರಗಿನವರ ಕಣ್ಣಿಗೆ ಬೀಳಬಾರದು, ದೃಷ್ಟಿಯಾಗುತ್ತದೆ ಎಂಬುದು ಸುಶೀಲಮ್ಮನ ತಾಯಿಯ ಕಾಲದಿಂದ ಬಂದ ಕಟ್ಟಳೆ. ಅದರಲ್ಲೂ ಖುರಾನಾ ಬಾಯಿಯ ಕಣ್ಣೆಂದರೆ ಹಾಲು ಒಡೆಯುತ್ತದೆಂದು ಅವರಿಗೆ ಗಟ್ಟಿ ನಂಬಿಕೆ.

"ಒಳಗೆ ಮಗು ಅಳ್ತಿದೆಯಲ್ಲ ಬೆಹೆನ್‌ಜೀ?"

"ಬೆಕ್ಕು" ಎಂದರು ಸುಶೀಲಮ್ಮ.

"ಬೆಕ್ಕಿಗೆ ತೊಟ್ಟಿಲಾ?"

ಖುರಾನಾ ಬಾಯಿ ಸುಶೀಲಮ್ಮನನ್ನು ಮೇಲಿನಿಂದ ಕೆಳಗೆ ನೋಡಿದರು. ಸುಶೀಲಮ್ಮ ಮೊದಲಿನಿಂದಲೂ ದುಂಡಗೆ ಇದ್ದವರು. ಅಡುಗೆಮನೆಯಿಂದ ಬೆಳ್ಳುಳ್ಳಿ ಮೆಣಸಿನ ಬಾಣಂತಿ ಸಾರಿನ ವಾಸನೆ. ಹಗ್ಗದ ಮೇಲೆ ಅಂಗೈಯಗಲದ ಅಂಗಿಗಳು. ಖುರಾನಾ ಬಾಯಿಯ ಕಣ್ಣಲ್ಲಿ ನೀರು ತುಂಬಿತು.

"ಈ ವಯಸ್ಸಿನಲ್ಲಿ! ದೇವರು ಕೊಟ್ರೆ ಬೇಡ ಅನ್ನೋಕಾಗುತ್ತಾ? ಹೆದರಬೇಡಿ. ನಾನು ಯಾರಿಗೂ ಹೇಳಲ್ಲ."

ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ. ಹಾಲಿನ ಬೂತಿನಲ್ಲಿ ಮಾತ್ರ ಹೇಳಿದರು. ಆ ವರ್ಷ ರೇಡಿಯೋವನ್ನು ಯಾರೂ ನಂಬುತ್ತಿರಲಿಲ್ಲ, ಹಾಲಿನ ಬೂತನ್ನು ಎಲ್ಲರೂ ನಂಬುತ್ತಿದ್ದರು.

ಅಂತೂ ನಾಲ್ಕು ಬೋಲ್ಟುಗಳು ಕೂತವು. ಸುತ್ತ ಕೆಟ್ಟ ತೂತುಗಳು, ಸಿಡುಬೆದ್ದ ಮುಖದಂತೆ ಚಾವಣಿ. ಆದರೆ ಬೋಲ್ಟು ಕೂತಿದ್ದವು. ಅಶ್ವತ್ಥನಾರಾಯಣರು ಒಂದರಿಂದ ಜೋತುಬಿದ್ದೂ ನೋಡಿದ್ದರು. ಅವರ ಮುಖದಲ್ಲಿ ಕಂಡ ಹೆಮ್ಮೆಗೆ ಅವರ ಇಡೀ ಸರ್ವಿಸಿನಲ್ಲಿ ಜೋಡಿಯಿರಲಿಲ್ಲ.

"ಬರೀ ಮಾತು ಬೇಡ" ಎಂದರು ಸುಶೀಲಮ್ಮ. "ಹೇಗೂ ಶಾಸ್ತ್ರಕ್ಕೆ ಮೊದಲು ಗುಂಡುಕಲ್ಲು ತೂಗಬೇಕು. ಈಗಲೇ ಮಲಗಿಸಿ ನೋಡೋಣ. ಕಲ್ಲು ತಡೆದ್ರೆ ಕೂಸೂ ತಡೆಯುತ್ತೆ."

ಒರಳಿನ ಗುಂಡನ್ನು ತೊಳೆದು, ಅರಿಶಿನ ಹಚ್ಚಿ, ಕುಲಾವಿ ತೊಡಿಸಿ, ದೃಷ್ಟಿಗೆ ಕಾಡಿಗೆಯ ಬೊಟ್ಟಿಟ್ಟು, ಕುತ್ತಿಗೆಯವರೆಗೆ ಹೊದಿಸಿ ಮಲಗಿಸಿದರು. ಕಲ್ಲಿಗೆ ಕುತ್ತಿಗೆಯಿಲ್ಲ ಎಂಬುದು ಬೇರೆ ಮಾತು. ತೊಟ್ಟಿಲು ತೂಗಿತು. ಬೋಲ್ಟು ಕಿಮಕ್ಕೆನ್ನಲಿಲ್ಲ. ಗಂಡ ಹೆಂಡತಿ ಕಲ್ಲನ್ನು ನೋಡುತ್ತ ನಿಂತಿದ್ದಾಗ ಬಾಗಿಲಲ್ಲಿ ಟಾರ್ಚು ಹಿಡಿದ ಓವರ್‌ಸಿಯರ್ ತ್ಯಾಗಿ ಕಾಣಿಸಿಕೊಂಡ. ಸರ್ಕಾರಿ ಕ್ವಾರ್ಟರ್ಸಿನ ರಿಪೇರಿ, ನಿಗಾ ಎಲ್ಲ ಅವನದೇ. ಮೇಲಿನ ಮನೆಯಿಂದ ದೂರು ಹೋಗಿತ್ತು.

ತ್ಯಾಗಿ ಚಾವಣಿಗೆ ಬೆಳಕು ಬಿಟ್ಟ. "ಒಂದು. ಎರಡು. ಮೂರು. ನಾಲ್ಕು. ಯಾರ ಪರ್ಮಿಷನ್ನು?"

"ಲೋಡು ಸಮನಾಗಿ..." ಎಂದು ಅಶ್ವತ್ಥನಾರಾಯಣರು ಶುರುಮಾಡುವಷ್ಟರಲ್ಲಿ ಟಾರ್ಚು ತೊಟ್ಟಿಲಿಗಿಳಿಯಿತು. ಕುಲಾವಿಯೊಳಗಿಂದ ಕಲ್ಲು ತ್ಯಾಗಿಯನ್ನು ನೋಡಿತು.

"ಇದೇನು?"

"ಮಗು" ಎಂದರು ಸುಶೀಲಮ್ಮ. ಶಾಸ್ತ್ರದ ಕಲ್ಲನ್ನು ಕಲ್ಲು ಎನ್ನಬಾರದು, ಅಪಶಕುನ.

ಒಳಗೆ ಕೂಸು ಕಿಟಾರನೆ ಕಿರುಚಿತು.

"ಅದೇನು?"

"ಬೆಕ್ಕು."

"ಅಚ್ಛಾ" ಎಂದ ತ್ಯಾಗಿ ನಿಧಾನವಾಗಿ. "ತೊಟ್ಟಿಲಲ್ಲಿರೋ ಕಲ್ಲು ಮಗು. ಒಳಗೆ ಅಳ್ತಿರೋ ಮಗು ಬೆಕ್ಕು. ಸರ್ಕಾರ ಏನು ಕತ್ತೇನಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಆ ವರ್ಷ ಹೇಳುವ ಹಾಗಿರಲಿಲ್ಲ.

ಮಾರನೆಯ ದಿನ ಸೆಕ್ಷನ್ ಆಫೀಸರು ಭಟ್ನಾಗರ್ ಸಾಹೇಬರು ಅಶ್ವತ್ಥನಾರಾಯಣರನ್ನು ಕರೆಸಿ ಕುರ್ಚಿ ತೋರಿಸಿದರು. ಚಹಾ ತರಿಸಿದರು. ಅವರ ಕೈಕೆಳಗೆ ದುಡಿದಷ್ಟೂ ಕಾಲ ಇವೆರಡೂ ಆದದ್ದಿಲ್ಲವಾದ್ದರಿಂದ ಅಶ್ವತ್ಥನಾರಾಯಣರು ಕುರ್ಚಿಯ ಅಂಚಿನಲ್ಲೇ ಕೂತರು. ಭಟ್ನಾಗರ್ ಸಾಹೇಬರಿಗೆ ನಾಲ್ವರು ಹೆಣ್ಣುಮಕ್ಕಳು. ಈ ತಿಂಗಳೊಳಗೆ ಸೆಕ್ಷನ್ನಿನಿಂದ ಒಂದು ಕೇಸು ಹೋಗದಿದ್ದರೆ ಸ್ವತಃ ಅವರೇ ಡೇರೆಗೆ ಹೋಗಬೇಕೆಂದು ಮೇಲಿನಿಂದ ಬಂದಿತ್ತು. ಪಾಪ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಮುಬಾರಕ್ ಹೋ ಅಶ್ವತ್ಥ್. ಕಾಲೊನಿಯೆಲ್ಲಾ ಹೇಳ್ತಿದೆ. ನನಗೊಂದು ಮಾತು ಹೇಳಬಾರದಿತ್ತೇ?"

"ಸಾರ್, ಅದು ಮೊಮ್ಮಗ."

"ಎಲ್ಲರೂ ಮೊಮ್ಮಗನೇ ಅಂತಾರೆ. ಪಕ್ಕದ ಸೆಕ್ಷನ್ನಿನ ಬಾಬು ತನ್ನ ಮಗನ್ನ ತಮ್ಮ ಅಂದ."

"ಮಗಳ ಮಗು ಸಾರ್, ದೇವರಾಣೆ."

"ನಾಲ್ಕು ಕೊಕ್ಕೆ ಯಾಕೆ ಹಾಗಾದ್ರೆ? ಪಕ್ಕಾ ಬೋಲ್ಟು ಹಾಕಿದ್ದೀಯಂತೆ, ಆನೆ ತೂಗುವಂಥದ್ದು. ಒಂದು ಮಗೂಗೆ ನಾಲ್ಕು ಕೊಕ್ಕೆ? ಏನಯ್ಯಾ ಇದು, ಪಂಚವಾರ್ಷಿಕ ಯೋಜನೆಯಾ?"

"ಒಂದೇ ತೊಟ್ಟಿಲಿಗೆ ನಾಲ್ಕು ಸಾರ್! ಮೂಲೆಗೊಂದು ಸರಪಳಿ!"

"ತೊಟ್ಟಿಲು ನೆಲದ ಮೇಲಿರುತ್ತೆ" ಎಂದರು ಭಟ್ನಾಗರ್ ಸಾಹೇಬರು, ಬೇಸತ್ತವರ ಹಾಗೆ. "ಕಾಲಿರುತ್ತೆ ಅದಕ್ಕೆ. ನನ್ನ ನಾಲ್ಕು ಮಕ್ಕಳನ್ನೂ ನೆಲದ ಮೇಲೇ ತೂಗಿದ್ದೀನಿ. ತೊಟ್ಟಿಲನ್ನ ಚಾವಣಿಗೆ ನೇತುಹಾಕ್ತಾರೆ ಅಂತ ನನಗೆ ಹೇಳ್ತೀಯಾ? ಅದರಲ್ಲಿ ಕಲ್ಲು ಮಲಗಿಸಿ ಓವರ್‌ಸಿಯರಿಗೆ ಟೋಪಿ ಹಾಕ್ತೀಯಾ?"

ಅಶ್ವತ್ಥನಾರಾಯಣರು ಬಾಯಿ ತೆರೆದರು. ಕಲ್ಲಿಗೆ ಕುಲಾವಿ ಯಾಕೆಂದು ಹಿಂದಿಯಲ್ಲಿ ಹೇಳುವ ಬಗೆ ತಿಳಿಯದೆ ಮುಚ್ಚಿದರು.

ಭಟ್ನಾಗರ್ ಸಾಹೇಬರು ಮುಂದಕ್ಕೆ ಬಾಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ನೋಡು, ನಾಮಕರಣದ ದಿನ ಜೀಪು ತರ್ತೀನಿ. ಮೊಮ್ಮಗ ಅಂದ್ರೆ ಮೊಮ್ಮಗ. ಅಳಿಯನ್ನ ತೋರಿಸು, ಅವನನ್ನ ಕರಕೊಂಡು ಹೋಗ್ತೀನಿ. ಇಲ್ಲಾಂದ್ರೆ ನೀನು ಬಾ. ನನಗೆ ಬೇಕಾಗಿರೋದು ಒಬ್ಬ ಅಪ್ಪ, ಅಷ್ಟೆ."

"ಅವನಿಗಿನ್ನೂ ಇಪ್ಪತ್ತಾರು ಸಾರ್. ಮೊದಲನೇ ಮಗು."

"ದೇಶಕ್ಕೆ ಅಷ್ಟು ಸಾಕು" ಎಂದು ಭಟ್ನಾಗರ್ ಸಾಹೇಬರು ಫೈಲು ಎಳೆದುಕೊಂಡರು.

ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಮನೆ ಸೇರುವಷ್ಟರಲ್ಲಿ ಅಶ್ವತ್ಥನಾರಾಯಣರ ಹೆಗಲು ಕಳಚಿದಂತಾಗಿತ್ತು. ಬೀಗಿತ್ತಿ ನಾಮಕರಣದ ಸಾಮಾನು ಹೊತ್ತು ಬಂದು ಕೂತಿದ್ದರು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ, "ಮುರಳೀಧರ ಈ ಸಲ ಬರೋದು ಬೇಡ" ಎಂದರು.

"ಏನಂದ್ರಿ? ಅಪ್ಪ ಇಲ್ಲದ ನಾಮಕರಣವೇ?" ಲೀಲಾವತಿಯವರ ದನಿ ಮೇಲಿನ ಮನೆಯನ್ನೂ ದಾಟಿತು. "ನನ್ನ ಮಗ ಏನು ಕಳ್ಳನೇ, ಬಚ್ಚಿಟ್ಟುಕೊಳ್ಳೋಕೆ? ಜೀಪಂತೆ! ಓದು ಬರಹ ಬಲ್ಲ ಎಂಜಿನಿಯರನ್ನ ಯಾರು ಹಿಡೀತಾರೆ? ಅದೆಲ್ಲ ಕೂಲಿನಾಲಿ ಮಾಡೋರಿಗೆ. ನಿಮಗೆ ಬೋಲ್ಟಿನ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಈ ನೆಪ."

ಕೂಲಿನಾಲಿ ಮಾಡೋರಿಗೆ ಮಾತ್ರ ಎಂದು ದಿಲ್ಲಿಯ ಬಾಬುಗಳೆಲ್ಲ ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದರು. ಅಶ್ವತ್ಥನಾರಾಯಣರೂ ಮಾಡಿದ್ದರು.

ನಾಮಕರಣದ ದಿನ ಮುರಳೀಧರ ಇಸ್ತ್ರಿಯ ಶರಟಿನಲ್ಲಿ ಬಂದ. ಪುರೋಹಿತರು ಬಂದರು. ಪದ್ಮಾ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಹೆಂಗಸರು ತೊಟ್ಟಿಲ ಹಾಡಿಗೆ ಗಂಟಲು ಸರಿಮಾಡಿಕೊಳ್ಳುವಾಗ ಕೆಳಗೆ ಜೀಪಿನ ಬ್ರೇಕು ಕಿರ್ರೆಂದಿತು.

ಕಿಟಕಿಯಿಂದ ಇಣುಕಿದ ಮುರಳೀಧರನ ಮುಖ ಬೆಳ್ಳಗಾಯಿತು. ಅವನ ಫ್ಯಾಕ್ಟರಿಯ ಗೇಟಿನಲ್ಲಿ ಇಂಥದೇ ಜೀಪು ನಿಂತದ್ದನ್ನು ಅವನು ಕಂಡಿದ್ದ, ಅಮ್ಮನಿಗೆ ಹೇಳಿರಲಿಲ್ಲ. ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡ. ಲೀಲಾವತಿಯವರು ಒಂದು ಗಳಿಗೆ ಆ ಚಿಲಕದ ಸದ್ದನ್ನು ಕೇಳಿಸಿಕೊಂಡರು. ಆಮೇಲೆ ರೇಷ್ಮೆ ಸೀರೆಯ ಸಮೇತ ಹೋಗಿ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಭಟ್ನಾಗರ್ ಸಾಹೇಬರು ಒಳಗೆ ಬಂದರು. ಹಿಂದೆ ಇಬ್ಬರು ಪೊಲೀಸರು, ಅವರ ಹಿಂದೆ ಖುರಾನಾ ಬಾಯಿ. ಸಾಹೇಬರು ಚಾವಣಿ ನೋಡಿದರು. ಒಂದೇ ತೊಟ್ಟಿಲು ನಾಲ್ಕು ಕೊಕ್ಕೆಗಳಿಂದ ತೂಗುತ್ತಿತ್ತು. ಅವರ ಮುಖದಲ್ಲಿ ಅರ್ಥವಾದ ಕಳೆ ಮೂಡಿತು. ಆದರೆ ಅರ್ಥವಾದದ್ದರಿಂದ ತಿಂಗಳ ಗಡುವು ಮುಂದಕ್ಕೆ ಹೋಗುವುದಿಲ್ಲವಲ್ಲ.

"ಹಾಗಾದ್ರೆ ಮೊಮ್ಮಗನೇ" ಎಂದರು ಸಣ್ಣಗೆ. "ಸರಿ. ಇದರ ಅಪ್ಪ ಎಲ್ಲಿ?"

ಪುರೋಹಿತರು ತಮಗೆ ಈ ವಿಷಯದಲ್ಲಿ ಸಂಬಂಧವೇ ಇಲ್ಲವೆಂದು ತೋರಿಸಲು ಗೋಡೆಯ ಕಡೆ ತಿರುಗಿಕೊಂಡರು. ಪದ್ಮಾ ಕೂಸನ್ನು ಎದೆಗೊತ್ತಿಕೊಂಡಳು. ಒಬ್ಬ ಪೊಲೀಸು ಬಚ್ಚಲ ಕಡೆ ಕಣ್ಣು ಹಾಯಿಸಿ, "ಮಾತಾಜೀ, ಸ್ವಲ್ಪ ಸರೀರಿ" ಎಂದ.

ಲೀಲಾವತಿಯವರು ಸರಿಯಲಿಲ್ಲ. ಅಶ್ವತ್ಥನಾರಾಯಣರನ್ನು ನೋಡಿ ಕೈ ಮುಗಿದರು. ಮದುವೆಯಲ್ಲಿ ಕಾಲು ತೊಳೆಸಿಕೊಂಡಾಗಲೂ ಹೀಗೆ ಕೈ ಮುಗಿದವರಲ್ಲ.

"ಮಗು ನಂದೇ ಸಾರ್" ಎಂದರು ಅಶ್ವತ್ಥನಾರಾಯಣರು.

"ನಾನು ಮೊದಲೇ ಹೇಳಿದ್ದೆ!" ಎಂದರು ಖುರಾನಾ ಬಾಯಿ.

ಭಟ್ನಾಗರ್ ಸಾಹೇಬರು ಚಾವಣಿಯನ್ನು, ತೊಟ್ಟಿಲನ್ನು, ಪದ್ಮಾಳನ್ನು ನೋಡಿದರು. "ಇದರ ತಾಯಿ?"

ಸುಶೀಲಮ್ಮನಿಗೆ ಹಿಂದಿ ತರಕಾರಿ ಕೊಳ್ಳುವಷ್ಟೇ ಬರುತ್ತಿತ್ತು. ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಮಗಳ ಕೈಯಿಂದ ಕೂಸನ್ನು ಎತ್ತಿಕೊಂಡರು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಬೀಗರು ಬಿಜ್ಜರು ತುಂಬಿದ ಮನೆಯ ನಡುವೆ ನೆಲ ನೋಡುತ್ತ, "ಮೇರಾ" ಎಂದರು. ನಾಚಿಕೆಗೆ ಕಿವಿಯವರೆಗೆ ಕೆಂಪಾಗಿದ್ದರು. ಅದನ್ನು ನಟನೆ ಎನ್ನಲು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ.

"ಚಲೋ" ಎಂದರು ಭಟ್ನಾಗರ್ ಸಾಹೇಬರು. ಅವರೂ ಅಶ್ವತ್ಥನಾರಾಯಣರ ಮುಖ ನೋಡಲಿಲ್ಲ.

ಜೀಪಿನಲ್ಲಿ ಮಡಿಪಂಚೆಯುಟ್ಟ ಅಶ್ವತ್ಥನಾರಾಯಣರ ಪಕ್ಕ ಒಬ್ಬ ಮುದುಕ ಕೂತಿದ್ದ. ಹಲ್ಲಿರಲಿಲ್ಲ.

"ಎಷ್ಟು ಮಕ್ಕಳು ಬಾಬೂಜಿ?"

"ಈಗ ಎರಡಾಯ್ತು. ನಿಮಗೆ?"

"ನನಗೆ ಮದುವೆಯೇ ಆಗಿಲ್ಲ. ಬಸ್ಸಿಗೆ ನಿಂತಿದ್ದೆ."

ಅಶ್ವತ್ಥನಾರಾಯಣರಿಗೆ ನಗು ಬಂತು. ನಗು ನಿಲ್ಲಿಸಲಾಗಲಿಲ್ಲ. ಮುದುಕನೂ ನಕ್ಕ. ಮುಂದಿನ ಸೀಟಿನ ಪೊಲೀಸು ತಿರುಗಿ, "ಸುಮ್ನಿರಿ, ನಗಬೇಡಿ" ಎಂದು ಗದರಿದ. ಅಳುವವರನ್ನು ಅವನು ಹೀಗೆ ಗದರಿಸಿರಲಿಲ್ಲ.

ಸಂಜೆ ಅವರನ್ನು ತಂದು ಬಿಟ್ಟರು, ಕೈಯಲ್ಲೊಂದು ತುಪ್ಪದ ಡಬ್ಬ, ಆಪರೇಷನ್ನಿಗೆ ಸರ್ಕಾರದ ಬಹುಮಾನ. ಯಾರೂ ಅದನ್ನು ಮುಟ್ಟಲಿಲ್ಲ. ಕೂಸಿಗೆ ಹೆಸರಿಟ್ಟಾಗಿತ್ತು. ಲೀಲಾವತಿಯವರು ತಾವೇ ಎದ್ದು ಚಾಪೆ ಹಾಸಿ, ದಿಂಬು ಕೊಡವಿ ಇಟ್ಟು, "ಮಲಗಿ ಬೀಗರೇ" ಎಂದರು. ಮುರಳೀಧರ ಮಾವನ ಕಾಲ ಬಳಿ ಕೂತು ಬೀಸಣಿಗೆ ಬೀಸಿದ. ತಲೆಯ ಮೇಲೆ ಸರ್ಕಾರದ ಫ್ಯಾನು ತಿರುಗುತ್ತಲೇ ಇತ್ತು. ಬೇಡ ಎನ್ನಲು ಅಶ್ವತ್ಥನಾರಾಯಣರಿಗೆ ತ್ರಾಣವಿರಲಿಲ್ಲ.

ಎರಡು ದಿನ ಬಿಟ್ಟು ತ್ಯಾಗಿ ಬಂದ. ಅವನಿಗೆ ಡೇರೆಯ ಸುದ್ದಿ ತಲುಪಿತ್ತು. ಆದರೆ ಅದು ಬೇರೆ ಇಲಾಖೆ. ಟಾರ್ಚನ್ನು ಚಾವಣಿಗೆ ಬಿಟ್ಟ.

"ಈ ಮಗು ಇಳಿದ ಮೇಲೆ ಇನ್ನು ತೊಟ್ಟಿಲಿನ ಕೆಲಸ ಇಲ್ಲವಲ್ಲ ಬಾಬೂಜಿ. ಈ ಬೋಲ್ಟು ತೆಗೀಬೇಕು."

"ತೆಗೆಯೋ ವಸ್ತುವಲ್ಲ ತ್ಯಾಗೀಜಿ" ಎಂದರು ಅಶ್ವತ್ಥನಾರಾಯಣರು ಚಾಪೆಯ ಮೇಲಿಂದಲೇ. "ಒಳಗೆ ಹೋಗಿ ಬಿರಿದುಕೊಂಡ ಮೇಲೆ ಮುಗೀತು. ಹಾಕೋದಷ್ಟೇ. ವಾಪಸು ಬರಲ್ಲ."

"ಅದೆಲ್ಲಾ ನನಗೆ ಗೊತ್ತಿಲ್ಲ. ಸರ್ಕಾರಿ ಚಾವಣಿ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಬೇಕು."

ಅಶ್ವತ್ಥನಾರಾಯಣರು ಮೆಲ್ಲಗೆ, ಹಲ್ಲು ಕಚ್ಚಿ, ಮಗ್ಗುಲಾದರು.

"ಆಗಲಿ. ಸರ್ಕಾರ ನನ್ನನ್ನ ಮೊದಲು ಹೇಗಿದ್ದೆನೋ ಹಾಗೆ ಮಾಡಿಕೊಡಲಿ. ಆಮೇಲೆ ನಾನು ಚಾವಣಿ ಮಾಡಿಕೊಡ್ತೀನಿ."

ತ್ಯಾಗಿ ಟಾರ್ಚು ಆರಿಸಿದ. ಆಮೇಲೆ ಮಲಗಿದ ಮಗು ಏಳದಂತೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.